ಹಿಂದೆ ಎರಡು ಹಲ್ಲು ಹೆಚ್ಚಾದರೆ

ಡರ್ಟ್ ಬೈಕಿನ ಹಿಂಚಕ್ರಕ್ಕೆ ದೊಡ್ಡ ಸ್ಪ್ರಾಕೆಟ್ ಹಾಕಿದರೆ ‘ಪವರ್ ಜಾಸ್ತಿಯಾಗುತ್ತದೆ’ ಎಂಬ ಮಾತು ಗ್ಯಾರೇಜುಗಳಲ್ಲಿ ಚಾಲ್ತಿಯಲ್ಲಿದೆ. ಎಂಜಿನ್ನಿನ ಒಳಗೆ ಏನನ್ನೂ ಮುಟ್ಟದೆ ಅಶ್ವಶಕ್ತಿ ಹೆಚ್ಚುವುದು ಹೇಗೆ? ಇದ್ದ ಶಕ್ತಿ ಚಕ್ರವನ್ನು ತಲುಪುವ ಬಗೆ ಮಾತ್ರ ಬದಲಾಗುತ್ತದೆ. ಹೋಂಡಾದ ಸಿಆರ್‌ಎಫ್ 450ಆರ್ ಬೈಕಿನಲ್ಲಿ ಮುಂದಿನ ಸ್ಪ್ರಾಕೆಟ್ಟಿಗೆ 13 ಹಲ್ಲು, ಹಿಂದಿನದಕ್ಕೆ 49. ಅಂದರೆ ಹಿಂಚಕ್ರ ಒಂದು ಸುತ್ತು ಬರಲು ಮುಂದಿನದು 3.77 ಸುತ್ತು ತಿರುಗಬೇಕು. ಹಿಂದೆ 51 ಹಲ್ಲಿನದನ್ನು ಹಾಕಿದರೆ ಅದು 3.92 ಆಗುತ್ತದೆ. ಪ್ರತಿ ಗೇರಿನಲ್ಲೂ ಚಕ್ರದ ತಿರುಚುಬಲ ಶೇ. 4ರಷ್ಟು ಹೆಚ್ಚುತ್ತದೆ, ಎಂಜಿನ್ ಅಷ್ಟೇ ಸುತ್ತುವಾಗ ಸಿಗುವ ವೇಗ ಹೆಚ್ಚುಕಡಿಮೆ ಅಷ್ಟೇ ಇಳಿಯುತ್ತದೆ. ಕೆಸರು, ಮರಳು, ಕಡಿದಾದ ಏರು, ಇಕ್ಕಟ್ಟಾದ ತಿರುವುಗಳಲ್ಲಿ ಗಾಡಿ ಗರಿಷ್ಠ ವೇಗದ ಹತ್ತಿರಕ್ಕೂ ಹೋಗುವುದಿಲ್ಲವಾದ್ದರಿಂದ ಈ ವ್ಯಾಪಾರದಲ್ಲಿ ನಷ್ಟವಿಲ್ಲ. ಹೆದ್ದಾರಿಯಲ್ಲೂ ಓಡಿಸುವವರಿಗೆ ಇದೇ ಮಾತು ಹೇಳುವಂತಿಲ್ಲ. ಅಲ್ಲಿ ಎಂಜಿನ್ ಸುಮ್ಮನೆ ಕಿರುಚುತ್ತಿರುತ್ತದೆ.

ಇಲ್ಲೊಂದು ನ್ಯಾಯವಾದ ಆಕ್ಷೇಪವಿದೆ. ಹಿಂದಿನದನ್ನು ಬದಲಿಸಲು ಚಕ್ರವನ್ನೇ ಬಿಚ್ಚಬೇಕು. ಅದರ ಬದಲು ಮುಂದೆ ಒಂದು ಹಲ್ಲು ಕಡಿಮೆ ಮಾಡಿದರೆ ಅನುಪಾತ 4.08ಕ್ಕೆ ಏರುತ್ತದೆ, ಹಿಂದೆ ನಾಲ್ಕು ಹಲ್ಲು ಸೇರಿಸಿದಷ್ಟೇ ಫಲ, ಖರ್ಚೂ ಕಡಿಮೆ. ಲೆಕ್ಕ ಸರಿ, ಆದರೆ ಚೈನಿನ ಪಾಡು ಈ ಲೆಕ್ಕದಲ್ಲಿಲ್ಲ. ಇಂಥ ಬೈಕುಗಳ 520 ಚೈನಿನಲ್ಲಿ ಪಿನ್ನಿನಿಂದ ಪಿನ್ನಿಗೆ 15.875 ಮಿ.ಮೀ. ಅಂತರ. ಆ ಅಳತೆಗೆ 13 ಹಲ್ಲಿನ ಸ್ಪ್ರಾಕೆಟ್ಟಿನ ವ್ಯಾಸ ಸುಮಾರು 66 ಮಿ.ಮೀ., 12 ಹಲ್ಲಿನದಕ್ಕೆ 61. ಗೇರ್‌ಬಾಕ್ಸ್ ಅದೇ ತಿರುಚುಬಲ ಕೊಟ್ಟರೂ ವ್ಯಾಸ ಕಿರಿದಾದಷ್ಟೂ ಚೈನಿನ ಮೇಲಿನ ಎಳೆತ ಹೆಚ್ಚು, ಇಲ್ಲಿ ಶೇ. 8ರಷ್ಟು. ಹಿಂದಿನ ಸ್ಪ್ರಾಕೆಟ್ ದೊಡ್ಡದಾದಾಗ ಹಾಗಾಗುವುದಿಲ್ಲ. ಚೈನ್ ಮೊದಲಿನಷ್ಟೇ ಎಳೆಯುತ್ತದೆ, ಎಳೆಯುವ ಜಾಗ ಅಚ್ಚಿನಿಂದ ತುಸು ದೂರ ಸರಿದಿರುತ್ತದೆ ಅಷ್ಟೆ. ಇನ್ನು ಪ್ರತಿ ಕೊಂಡಿಯೂ 13 ಹಲ್ಲಿನ ಮೇಲೆ 27.7 ಡಿಗ್ರಿ ಬಾಗಿದರೆ 12 ಹಲ್ಲಿನ ಮೇಲೆ 30 ಡಿಗ್ರಿ ಬಾಗುತ್ತದೆ. ಹೆಚ್ಚು ಎಳೆತ, ಹೆಚ್ಚು ಬಾಗು, ಎರಡೂ ಸೇರಿ ಪಿನ್ನುಗಳನ್ನು ಸವೆಸುತ್ತವೆ. ಸಾಲದ್ದಕ್ಕೆ ಚೈನ್ ಸ್ವಿಂಗ್ ಆರ್ಮ್ ಕಡೆಗೆ ಇಳಿದು ಅದರ ಮೇಲಿನ ರಬ್ಬರ್ ಪಟ್ಟಿಯನ್ನು ಉಜ್ಜುತ್ತದೆ. ಒಂದು ದಿನದ ಪ್ರಯೋಗಕ್ಕೆ ಮುಂದಿನದು ಸಾಕು, ಬಹುಕಾಲ ಓಡಿಸಲು ಹಿಂದಿನದೇ ಲೇಸು.

ಹಿಂದಿನದಕ್ಕೂ ಬೆಲೆ ತೆರಬೇಕು. ಎರಡು ಹಲ್ಲಿಗೆ ತ್ರಿಜ್ಯ ಸುಮಾರು 5 ಮಿ.ಮೀ. ಹೆಚ್ಚುತ್ತದೆ, ಕಲ್ಲಿಗೆ ತಾಗುವ ಸಂಭವವೂ ಅಷ್ಟು ಹೆಚ್ಚು. ಹಳೆಯ ಚೈನನ್ನೇ ಇಟ್ಟುಕೊಂಡರೆ ಚಕ್ರ ಸುಮಾರು 9 ಮಿ.ಮೀ. ಮುಂದಕ್ಕೆ ಬರಬೇಕು. ಅಡ್ಜಸ್ಟರಿನಲ್ಲಿ ಅಷ್ಟು ಜಾಗವಿಲ್ಲದಿದ್ದರೆ ಉದ್ದದ ಚೈನ್ ಬೇಕು. ಚೈನ್ ಎರಡೆರಡು ಕೊಂಡಿಯಾಗಿಯೇ ಬೆಳೆಯುವುದರಿಂದ ಆಗ ಚಕ್ರ ಮೊದಲಿದ್ದ ಜಾಗಕ್ಕಿಂತ 7 ಮಿ.ಮೀ.ನಷ್ಟು ಹಿಂದಕ್ಕೆ ಹೋಗುತ್ತದೆ. ಚಕ್ರ ಮುಂದೆ ಬಂದರೆ ಗಾಡಿ ಚುರುಕಾಗಿ ತಿರುಗುತ್ತದೆ, ಏರಿನಲ್ಲಿ ಮುಂಚಕ್ರ ಬೇಗ ಎದ್ದೇಳುತ್ತದೆ. ಹಿಂದೆ ಹೋದರೆ ನೇರ ಓಟ ಸ್ಥಿರವಾಗುತ್ತದೆ. ಸ್ಪ್ರಾಕೆಟ್ ಬದಲಿಸಿದ ಮೇಲೆ ‘ಗಾಡಿಯೇ ಬೇರೆಯಾಯಿತು’ ಎನ್ನುವವರ ಅನುಭವದಲ್ಲಿ ಈ ಮಿಲಿಮೀಟರುಗಳ ಪಾಲೂ ಇರುತ್ತದೆ.

ಮನೆಯಲ್ಲಿ ಮಾಡುವ ಕೆಲಸವೇನೋ ಸರಳ, ತಪ್ಪಾಗುವುದು ಕೊನೆಯ ಹಂತದಲ್ಲಿ. ಬೋಲ್ಟುಗಳನ್ನು ಸಾಲಾಗಿ ಬಿಗಿಯದೆ ಎದುರುಬದುರಾಗಿ, ಕೈಪಿಡಿ ಹೇಳುವಷ್ಟೇ ಬಲಕ್ಕೆ, ಟಾರ್ಕ್ ರೆಂಚಿನಿಂದ ಬಿಗಿಯಬೇಕು. ಚೈನನ್ನು ‘ಟೈಟಾಗಿ’ ಇಡುವುದು ಜಾಣತನವಲ್ಲ: ಹಿಂಚಕ್ರ ಮೇಲೆ ಕೆಳಗೆ ಆಡುವಾಗ ಎರಡು ಸ್ಪ್ರಾಕೆಟ್ಟುಗಳ ನಡುವಿನ ದೂರ ಬದಲಾಗುತ್ತದೆ, ಮುಂದಿನ ಸ್ಪ್ರಾಕೆಟ್, ಸ್ವಿಂಗ್ ಆರ್ಮಿನ ಕೀಲು ಮತ್ತು ಹಿಂದಿನ ಅಚ್ಚು ಒಂದೇ ಗೆರೆಗೆ ಬಂದಾಗ ಅದು ಅತಿ ಹೆಚ್ಚು. ಅಲ್ಲಿಯೂ ಸಡಿಲ ಉಳಿಯದಿದ್ದರೆ ಗೇರ್‌ಬಾಕ್ಸಿನ ಬೇರಿಂಗಿಗೆ ಪೆಟ್ಟು. ಕ್ಲಿಪ್ ಇರುವ ಕೊಂಡಿಯಾದರೆ ಕ್ಲಿಪ್ಪಿನ ಮುಚ್ಚಿದ ತುದಿ ಚೈನ್ ಓಡುವ ದಿಕ್ಕಿಗೆ ಇರಬೇಕು. ಹಿಗ್ಗಿದ ಹಳೆಯ ಚೈನಿಗೆ ಹೊಸ ಸ್ಪ್ರಾಕೆಟ್ ಜೋಡಿಸುವುದಂತೂ ಹಣ ದಂಡ. ಅಂಥ ಚೈನ್ ಹೊಸ ಹಲ್ಲುಗಳನ್ನು ಬೇಗನೆ ತಿಂದುಹಾಕುತ್ತದೆ.