ಎರಡು ಸೇರಿ ಒಂದಾಗುವ ಎಂಜಿನ್

ಕೂಡ್ಲಿಗಿ, ಕೊಟ್ಟೂರು, ಹರಪನಹಳ್ಳಿ ಕಡೆಯ ರಸ್ತೆಗಳಲ್ಲಿ ಯೆಜ್ದಿ ಮೋಟಾರ್‌ಸೈಕಲ್ ಕಂಡವರಿಗೆ ಅದರ ಜೋಡಿ ಸೈಲೆನ್ಸರ್ ನೆನಪಿರುತ್ತದೆ. ಹೊಗೆಕೊಳವೆ ಎರಡಿದ್ದ ಮೇಲೆ ಎಂಜಿನ್ನೂ ಎರಡಿರಬೇಕು ಎಂದುಕೊಂಡರೆ ತಪ್ಪು. 1996ರಲ್ಲಿ ಬಾಗಿಲು ಮುಚ್ಚಿದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಈ 250 ಸಿ.ಸಿ. ಗಾಡಿಗೆ ಇದ್ದದ್ದು ಒಂದೇ ಸಿಲಿಂಡರ್.

ನಿಜವಾದ ಜೋಡಿ ಬಂದದ್ದು 1980ರ ದಶಕದಲ್ಲಿ, ಅದೇ ಕಾರ್ಖಾನೆಯ 350 ಟ್ವಿನ್ ರೂಪದಲ್ಲಿ. ಅದರ ಒಂದೊಂದು ಸಿಲಿಂಡರಿನ ಅಗಲ 58 ಮಿ.ಮೀ., ಪಿಸ್ಟನ್ನಿನ ಓಟ 65 ಮಿ.ಮೀ. ಅಂದರೆ 175 ಸಿ.ಸಿ. ಎಂಜಿನ್ನಿನ ಅಳತೆಯೇ. ಅಂಥ ಎರಡನ್ನು ಅಕ್ಕಪಕ್ಕ ನಿಲ್ಲಿಸಿದರಾಯಿತು ಎನ್ನುವುದು ಸುಲಭ. ಕಷ್ಟವಿರುವುದು ಕೆಳಗೆ, ಕ್ರ್ಯಾಂಕಿನಲ್ಲಿ. ಕೊಟ್ಟೂರಿನ ತೇರಿನ ಭಾರವೆಲ್ಲ ಅಚ್ಚಿನ ಮೇಲೆ ಬೀಳುವಂತೆ ಎರಡು ಪಿಸ್ಟನ್ನುಗಳ ಹೊಡೆತವನ್ನೂ ಅದೊಂದೇ ತಾಳಬೇಕು. ಒಂದು ಏರಿದಾಗ ಇನ್ನೊಂದು ಇಳಿಯುವಂತೆ ಜೋಡಿಸಿದರೆ ಹೊಡೆತಗಳು ಸಮ ಅಂತರದಲ್ಲಿ ಬೀಳುತ್ತವೆ.

ಟೂ-ಸ್ಟ್ರೋಕ್ ಎಂಜಿನ್ನಿಗೆ ಇನ್ನೊಂದು ತೊಡಕಿದೆ. ಪೆಟ್ರೋಲ್ ಬೆರೆತ ಗಾಳಿ ಮೊದಲು ಕ್ರ್ಯಾಂಕಿನ ಕೋಣೆಗೆ ಬಂದು, ಅಲ್ಲಿ ಒತ್ತಡಕ್ಕೆ ಸಿಕ್ಕಿ, ಆಮೇಲೆ ಸಿಲಿಂಡರಿಗೆ ಏರುತ್ತದೆ. ಆದ್ದರಿಂದ ಎರಡಕ್ಕೂ ಬೇರೆ ಬೇರೆ ಕೋಣೆ ಬೇಕೇ ಬೇಕು. ಅಣ್ಣತಮ್ಮಂದಿರ ಮನೆ ಒಂದೇ ಆದರೂ ಒಲೆ ಬೇರೆ ಎಂಬ ಹಾಗೆ. ನಡುವಿನ ಸೀಲ್ ಸವೆದರೆ ಒಂದರ ಪಾಲು ಇನ್ನೊಂದಕ್ಕೆ ಸೋರಿ ಎರಡೂ ಸೊರಗುತ್ತವೆ.

ಫೋರ್-ಸ್ಟ್ರೋಕ್‌ಗೆ ಈ ರಗಳೆಯಿಲ್ಲ. ಇಂಗ್ಲೆಂಡಿನ ವಿನ್ಸೆಂಟ್ ಕಂಪನಿಯಲ್ಲಿದ್ದ ಫಿಲ್ ಇರ್ವಿಂಗ್, 500 ಸಿ.ಸಿ. ಎಂಜಿನ್ನಿನ ಎರಡು ನಕ್ಷೆಗಳನ್ನು ಒಂದರ ಮೇಲೊಂದು ಓರೆಯಾಗಿಟ್ಟು ನೋಡಿದ್ದರಿಂದಲೇ 1936ರ 1,000 ಸಿ.ಸಿ. ರ‍್ಯಾಪಿಡ್ ಹುಟ್ಟಿತು. ಬಹುಕಾಲದ ನಂತರ ಆಸ್ಟ್ರೇಲಿಯಾದ ಪಾಲ್ ಕಾರ್ಬೆರಿ ಎನ್‌ಫೀಲ್ಡ್ 500ರ ಎರಡು ಸಿಲಿಂಡರುಗಳನ್ನು 55 ಡಿಗ್ರಿ ಕೋನದಲ್ಲಿ ಕೂಡಿಸಿದರು. ಅವರಿಗೂ ಕ್ರ್ಯಾಂಕಿನ ಪೆಟ್ಟಿಗೆಯನ್ನು ಹೊಸದಾಗಿಯೇ ಮಾಡಿಸಬೇಕಾಯಿತು.