ಸಿದ್ದಿಗಳ ನೆಲ, ಟಿಬೆಟನ್ನರ ನೆಲೆ

ಉತ್ತರ ಕನ್ನಡದ ಘಟ್ಟದ ಮೇಲಿನ ತಾಲ್ಲೂಕುಗಳಲ್ಲಿ ಎರಡು ಕಾಗದಗಳನ್ನು ಜನ ಜೀವದಂತೆ ಜೋಪಾನ ಮಾಡುತ್ತಾರೆ. ಒಂದು ಆರ್‌ಸಿ, ಇನ್ನೊಂದು ಆರ್‌ಟಿಸಿ. ಆರ್‌ಸಿ ಎಂದರೆ ಮುಂಡಗೋಡದ ಟಿಬೆಟನ್ ವಸಾಹತಿನ ನಿವಾಸಿಯ ಬಳಿ ಇರುವ ವಿದೇಶಿಯರ ನೋಂದಣಿ ಪ್ರಮಾಣಪತ್ರ. ಅವಧಿ ಮುಗಿಯುವ ಮೊದಲೇ ಅದನ್ನು ನವೀಕರಿಸಿಕೊಳ್ಳದಿದ್ದರೆ ಈ ದೇಶದಲ್ಲಿ ಇರುವುದೇ ಪ್ರಶ್ನೆಯಾಗುತ್ತದೆ. ಆರ್‌ಟಿಸಿ ಎಂದರೆ ಪಹಣಿ. ಪಕ್ಕದ ಯಲ್ಲಾಪುರ, ಹಳಿಯಾಳದ ಕಾಡಂಚಿನ ಸಿದ್ದಿ ಕುಟುಂಬಗಳಲ್ಲಿ ಅನೇಕವು ತಲೆಮಾರುಗಳಿಂದ ಉತ್ತ ಗದ್ದೆಗೆ ಆ ಕಾಗದವಿಲ್ಲದೆ ಕಾದು ಕುಳಿತಿವೆ. ಎರಡೂ ಸಮುದಾಯಗಳು ಸಮುದ್ರವನ್ನೋ ಪರ್ವತವನ್ನೋ ದಾಟಿ ಬಂದವು. ಎರಡರ ಜನಸಂಖ್ಯೆಯೂ ಲಕ್ಷಗಳಲ್ಲಲ್ಲ, ಸಾವಿರಗಳಲ್ಲಿ ಎಣಿಸುವಷ್ಟು. ಎರಡಕ್ಕೂ ಈ ಜಿಲ್ಲೆಯಲ್ಲಿ ದೊರೆತದ್ದು ಕಾಡಿನ ಭೂಮಿಯೇ. ಆದರೂ ಆರ್ಥಿಕವಾಗಿ ಅವು ನಿಂತಿರುವ ಜಾಗ ಬೇರೆ ಬೇರೆ. ಈ ಅಂತರವನ್ನು ದುಡಿಮೆಯ ಗುಣ, ಜನಾಂಗದ ಸ್ವಭಾವ ಎಂಬ ಸುಲಭದ ಮಾತುಗಳಲ್ಲಿ ವಿವರಿಸುವವರು ಸಂತೆಯಲ್ಲೂ ಸಿಗುತ್ತಾರೆ, ಕಚೇರಿಯಲ್ಲೂ ಸಿಗುತ್ತಾರೆ. ಇತಿಹಾಸವನ್ನು ತುಸು ಕೆದಕಿದರೆ ಆ ವಿವರಣೆ ನಿಲ್ಲುವುದಿಲ್ಲ.

ಒಬ್ಬೊಬ್ಬರಾಗಿ ಬಂದವರು

ಸಿದ್ದಿಗಳ ಪೂರ್ವಿಕರು ಆಫ್ರಿಕಾದ ಪೂರ್ವ ಕರಾವಳಿಯವರು. ದಖ್ಖನಿನ ಸುಲ್ತಾನರ ಕಾಲದಲ್ಲಿ ಸೈನಿಕರಾಗಿ, ಕೆಲವೊಮ್ಮೆ ಸೇನಾನಿಗಳಾಗಿಯೂ ಮೆರೆದ ಹಬಶಿಗಳ ಕಥೆ ಒಂದಿದೆ; ಚರಿತ್ರೆಯ ಪುಸ್ತಕಗಳಲ್ಲಿ ಸ್ಥಾನ ಪಡೆದದ್ದು ಅದೇ. ಉತ್ತರ ಕನ್ನಡದ ಕಾಡಿನ ಸಿದ್ದಿಗಳಲ್ಲಿ ಬಹುಪಾಲು ಜನರ ಹಿನ್ನೆಲೆ ಅದಲ್ಲ. ಪೋರ್ಚುಗೀಸರ ಆಳ್ವಿಕೆಯ ಗೋವೆಗೆ ಹಡಗುಗಳಲ್ಲಿ ತಂದು ಮಾರಿದ ಗುಲಾಮರ ಸಂತತಿ ಅವರು. ಯಜಮಾನನ ಕೈಯಿಂದ ತಪ್ಪಿಸಿಕೊಂಡು, ಇಲ್ಲವೇ ಹತ್ತೊಂಬತ್ತನೆಯ ಶತಮಾನದಲ್ಲಿ ಅಲ್ಲಿ ಗುಲಾಮಗಿರಿ ಹಂತಹಂತವಾಗಿ ಮುಗಿಯುತ್ತ ಬಂದಾಗ ಬಿಡುಗಡೆಗೊಂಡು, ಘಟ್ಟ ಹತ್ತಿ ಕಾಡು ಸೇರಿದರು.

ಇಲ್ಲಿ ಒಂದು ಅಂಶವನ್ನು ಓದುಗರು ಗಮನಿಸಬೇಕು. ಗುಲಾಮನನ್ನು ಮಾರುವಾಗ ಒಬ್ಬೊಬ್ಬನನ್ನೇ ಮಾರುತ್ತಾರೆ. ಅವನ ಜೊತೆ ಅವನ ಊರು ಬರುವುದಿಲ್ಲ, ಮುಖಂಡ ಬರುವುದಿಲ್ಲ, ಪುರೋಹಿತ ಬರುವುದಿಲ್ಲ, ಎರಡನೆಯ ತಲೆಮಾರಿನ ಹೊತ್ತಿಗೆ ಭಾಷೆಯೂ ಉಳಿಯುವುದಿಲ್ಲ. ಇಂದು ಸಿದ್ದಿಗಳ ಮನೆಮಾತು ಮರಾಠಿ, ಕನ್ನಡ ಬೆರೆತ ಒಂದು ಬಗೆಯ ಕೊಂಕಣಿ. ಧರ್ಮದಲ್ಲಿ ಅವರು ಹಿಂದೂ, ಕ್ರೈಸ್ತ, ಮುಸ್ಲಿಂ ಎಂದು ಮೂರಾಗಿದ್ದಾರೆ. ಯಾವ ಯಜಮಾನನ ಆಸರೆಗೆ ಯಾರು ಸಿಕ್ಕರೋ ಆ ಗುರುತು ಅದರಲ್ಲಿದೆ. ಹಿರಿಯರ ಪೂಜೆ, ಡಮಾಮಿ ಕುಣಿತ, ಹಳೆಯ ಬಟ್ಟೆಯ ತುಂಡು ಕೂಡಿಸಿ ಹೊಲಿಯುವ ಕೌದಿ ಇಷ್ಟು ಮೂವರನ್ನೂ ಬೆಸೆದಿವೆ. ಒಂದು ಸಂಸ್ಥೆ, ಒಂದು ನಾಯಕತ್ವ, ಒಂದು ಹಣದ ಪೆಟ್ಟಿಗೆ ಎಂಬುದು ಬಹುಕಾಲ ಅವರಿಗೆ ಇರಲೇ ಇಲ್ಲ.

ಕಾಡಿನಲ್ಲೂ ಅವರ ಸ್ವಾತಂತ್ರ್ಯ ಹೆಚ್ಚು ದಿನ ಬಾಳಲಿಲ್ಲ. ಬ್ರಿಟಿಷರ ಅರಣ್ಯ ವ್ಯವಸ್ಥೆ ಬಂದು, ಕಾಡು ಕಡಿದು ಸುಟ್ಟು ಬಿತ್ತುವ ಕುಮರಿ ಬೇಸಾಯಕ್ಕೆ ಕಡಿವಾಣ ಬಿತ್ತು. ಅಡಿಕೆ ತೋಟದ ಒಡೆಯರಿಗೆ ಸೊಪ್ಪಿನ ಬೆಟ್ಟದ, ಅಂದರೆ ಗೊಬ್ಬರಕ್ಕೆ ಸೊಪ್ಪು ತರುವ ಕಾಡಿನ, ಸವಲತ್ತು ದಾಖಲೆಯಲ್ಲಿ ಸಿಕ್ಕಿತು. ತೋಟದಲ್ಲಿ ದುಡಿಯುವ ಸಿದ್ದಿಯ ಹೆಸರಿಗೆ ದಾಖಲೆಯೇ ಇರಲಿಲ್ಲ. ಮದುವೆಗೆಂದೋ ಮಳೆಗಾಲದ ಅಕ್ಕಿಗೆಂದೋ ತಂದ ಸಾಲ ಜೀತವಾಗಿ ಮಗನಿಗೆ ದಾಟುತ್ತಿತ್ತು.

ಉಳುವವನೇ ಒಡೆಯನಾದಾಗ

1974ರ ಭೂಸುಧಾರಣೆ ಕರ್ನಾಟಕದ ಹಳ್ಳಿಗಳ ಲೆಕ್ಕಾಚಾರವನ್ನೇ ಬದಲಿಸಿತು. ಆದರೆ ಆ ಕಾನೂನು ಕೈ ಹಿಡಿದದ್ದು ಗೇಣಿದಾರನನ್ನು. ಸಿದ್ದಿಗಳಲ್ಲಿ ಹೆಚ್ಚಿನವರು ಗೇಣಿದಾರರಲ್ಲ, ಆಳುಗಳು. ತೋರಿಸಲು ಗೇಣಿ ಚೀಟಿಯಿಲ್ಲದವನು ಭೂನ್ಯಾಯ ಮಂಡಳಿಯ ಮುಂದೆ ಹೋಗಿ ಹೇಳುವುದಾದರೂ ಏನು? 1976ರಲ್ಲಿ ಜೀತ ಪದ್ಧತಿ ಕಾನೂನಿನಲ್ಲಿ ರದ್ದಾಯಿತು. ಜೀತದಿಂದ ಹೊರಬಂದವರಲ್ಲಿ ಅನೇಕರು ಕಾಡಿನ ಅಂಚಿನಲ್ಲಿ ಎರಡು ಎಕರೆ ಗದ್ದೆ ಹಸನು ಮಾಡಿಕೊಂಡರು. ಹಸನು ಮಾಡಿದ ಮರುದಿನದಿಂದ ಅವರಿಗೆ ಹೊಸ ಹೆಸರು ಬಂತು: ಅತಿಕ್ರಮಣದಾರ. 27-4-1978 ಎಂಬ ದಿನಾಂಕ ಈ ಜಿಲ್ಲೆಯ ರೈತನಿಗೆ ಹುಟ್ಟಿದ ದಿನದಷ್ಟೇ ಪರಿಚಿತ. ಅದಕ್ಕೆ ಮುಂಚಿನ ಅತಿಕ್ರಮಣಗಳನ್ನು ಸಕ್ರಮಗೊಳಿಸುವ ಮಾತಿತ್ತು. 1980ರ ಅರಣ್ಯ ಸಂರಕ್ಷಣಾ ಕಾಯ್ದೆಯ ನಂತರ ಆ ದಾರಿಯೂ ಕಿರಿದಾಯಿತು. ನೆಲದ ಮುಕ್ಕಾಲು ಭಾಗಕ್ಕಿಂತ ಹೆಚ್ಚು ಅರಣ್ಯವೆಂದು ದಾಖಲಾಗಿರುವ ಜಿಲ್ಲೆಯಿದು. ಇಲ್ಲಿ ಭೂಹೀನನಾಗಿರುವುದಕ್ಕೂ ಅಪರಾಧಿಯಾಗಿರುವುದಕ್ಕೂ ನಡುವೆ ಉಳಿದ ಜಾಗ ತೀರಾ ಕಡಿಮೆ.

2003ರಲ್ಲಿ ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿ ಸೇರಿದರು. ಮೂರು ವರ್ಷಗಳ ಬಳಿಕ ಬಂದ ಅರಣ್ಯ ಹಕ್ಕು ಕಾಯ್ದೆಯ ದೃಷ್ಟಿಯಿಂದ ಈ ಸೇರ್ಪಡೆಯ ಮಹತ್ವ ಬಹು ದೊಡ್ಡದು. ಪರಿಶಿಷ್ಟ ಪಂಗಡದವರು 2005ರ ಡಿಸೆಂಬರ್ 13ಕ್ಕೆ ಮುಂಚಿನಿಂದ ಅರಣ್ಯಭೂಮಿಯಲ್ಲಿ ನೆಲೆಸಿದ್ದನ್ನು ತೋರಿಸಿದರೆ ಸಾಕು. ಇತರ ಪಾರಂಪರಿಕ ಅರಣ್ಯವಾಸಿಗಳು ಮೂರು ತಲೆಮಾರು, ಅಂದರೆ 75 ವರ್ಷಗಳ ವಾಸವನ್ನು ಸಾಬೀತು ಮಾಡಬೇಕು. ಕಲಘಟಗಿ, ಖಾನಾಪುರದ ಕಡೆಯ ಸಿದ್ದಿಗಳು ರಕ್ತದಿಂದ ಇದೇ ಜನ, ಜಿಲ್ಲೆ ಮಾತ್ರ ಬೇರೆ. ಹಾಗಾಗಿ 2003ರ ಸೇರ್ಪಡೆಯ ಫಲ ಅವರಿಗೆ ದಕ್ಕಲಿಲ್ಲ. ಜಿಲ್ಲೆಯ ಗಡಿ ಎಳೆದವರು ಇಷ್ಟು ದೂರದ ಪರಿಣಾಮವನ್ನು ಊಹಿಸಿರಲಾರರು.

ನಕ್ಷೆಯೊಡನೆ ಬಂದ ಊರು

ಟಿಬೆಟನ್ನರು ಬಂದದ್ದು ಬೇರೆ ರೀತಿಯಲ್ಲಿ. 1959ರಲ್ಲಿ ಧರ್ಮಗುರು ಲಾಸಾ ತೊರೆದ ಮೇಲೆ ಸಾವಿರಾರು ಜನ ಹಿಮಾಲಯ ದಾಟಿದರು. ಅನೇಕರು ಉತ್ತರದ ಬೆಟ್ಟಗಳಲ್ಲಿ ರಸ್ತೆ ಕೂಲಿಗಳಾಗಿ ಬಳಲಿದರು. ಭೂಮಿ ಕೊಡಬಲ್ಲಿರಾ ಎಂದು ಕೇಂದ್ರವು ರಾಜ್ಯಗಳನ್ನು ಕೇಳಿದಾಗ ಎಲ್ಲರಿಗಿಂತ ಉದಾರವಾಗಿ ಕೈಚಾಚಿದ್ದು ಅಂದಿನ ಮೈಸೂರು ರಾಜ್ಯ. 1960ರಲ್ಲಿ ಬೈಲಕುಪ್ಪೆಯಲ್ಲಿ 3,000 ಎಕರೆಯಷ್ಟು ಅರಣ್ಯಭೂಮಿ ದೊರೆಯಿತು. 1966ರಲ್ಲಿ ಮುಂಡಗೋಡದ ಸುಮಾರು 4,000 ಎಕರೆ ಸೇರಿತು. ಹುಣಸೂರು, ಕೊಳ್ಳೇಗಾಲದ ವಸಾಹತುಗಳು, ಬೈಲಕುಪ್ಪೆಯದೇ ಎರಡನೆಯದು ಆಮೇಲೆ ಬಂದವು.

ಬಂದ ಮೊದಲ ವರ್ಷಗಳು ಸುಖದವಾಗಿರಲಿಲ್ಲ. ತಂಪು ನಾಡಿನ ಜನ ದಕ್ಷಿಣದ ಸೆಖೆಯಲ್ಲಿ ಕಾಡು ಕಡಿದರು, ಬೇರು ಕಿತ್ತರು. ಬೈಲಕುಪ್ಪೆಯಲ್ಲಿ ಆನೆಗಳ ಕಾಟ, ಎಲ್ಲೆಡೆ ಕ್ಷಯದ ಕಾಟ. ಬಾರ್ಲಿ ಬೆಳೆದ ಕೈಗಳು ಮೆಕ್ಕೆಜೋಳ ಕಲಿಯಬೇಕಾಯಿತು. ಆದರೆ ಅವರು ಬಂದದ್ದು ಒಬ್ಬೊಬ್ಬರಾಗಿ ಅಲ್ಲ. ಜೊತೆಗೆ ಆಡಳಿತವಿತ್ತು, ಮಠವಿತ್ತು, ಗ್ರಂಥವಿತ್ತು, ಎಲ್ಲರೂ ಒಪ್ಪುವ ಗುರುವಿದ್ದ. ಕ್ಯಾಂಪುಗಳಿಗೆ ಸಂಖ್ಯೆ ಬಿತ್ತು; ಇಂದಿಗೂ ಮುಂಡಗೋಡದ ಆಟೊ ಚಾಲಕ ಕ್ಯಾಂಪ್ ನಂಬರ್ ಕೇಳಿಯೇ ಗಾಡಿ ತಿರುಗಿಸುವುದು. ಪ್ರತಿ ವಸಾಹತಿಗೂ ಸಹಕಾರ ಸಂಘ, ಆಸ್ಪತ್ರೆ, ಕೇಂದ್ರ ಸರ್ಕಾರದ ವೆಚ್ಚದ ಶಾಲೆಗಳು ಬಂದವು. ಯುರೋಪಿನ ದೇಶಗಳ ನೆರವು ಹರಿಯಿತು. ಲಾಸಾದ ಬಳಿಯಿದ್ದ ಗಾಂದೆನ್, ಡ್ರೆಪುಂಗ್ ಮಹಾವಿಹಾರಗಳು ಮುಂಡಗೋಡದಲ್ಲಿ ಮತ್ತೆ ತಲೆಯೆತ್ತಿದವು.

ಒಂದು ವಿವರವನ್ನು ಇಲ್ಲಿ ಹೇಳದೆ ಮುಂದೆ ಹೋಗಲಾಗದು. ಟಿಬೆಟನ್ನರ ಪುನರ್ವಸತಿಗೆಂದೇ 1968ರಲ್ಲಿ ನಮ್ಮ ರಾಜ್ಯದಲ್ಲಿ ಹುಟ್ಟಿದ ಒಂದು ಸಂಸ್ಥೆ, ಆ ಕೆಲಸ ಮುಗಿಸಿದ ಮೇಲೆ ಹಳ್ಳಿಯ ಬಡವರ ಸ್ವಸಹಾಯ ಗುಂಪುಗಳನ್ನು ಕಟ್ಟುವುದರಲ್ಲಿ ದೇಶಕ್ಕೇ ಹೆಸರಾಯಿತು. ನಿರಾಶ್ರಿತರಿಗಾಗಿ ಕಲಿತ ವಿದ್ಯೆ ಊರವರಿಗೂ ಒದಗಿತು ಎಂದು ಇದನ್ನು ಓದಬಹುದು. ಆ ವಿದ್ಯೆ ಮೊದಲೇ ಇದ್ದಿದ್ದರೆ ಸಿದ್ದಿಗಳ ಕೇರಿಗೆ ಯಾವಾಗ ತಲುಪುತ್ತಿತ್ತು ಎಂದೂ ಕೇಳಬಹುದು.

ಉದ್ರಿ ಮತ್ತು ಮುಂಗಡ

ಎರಡು ಸಮುದಾಯಗಳ ಆರ್ಥಿಕ ಅಂತರವನ್ನು ಜಮೀನಿನ ಎಕರೆಗಳಲ್ಲಿ ಅಳೆಯುವುದು ವಾಡಿಕೆ. ಈ ಲೇಖಕನಿಗೆ ತೋರುವಂತೆ ಅದಕ್ಕಿಂತ ನಿಖರವಾದ ಅಳತೆ ಸಾಲ: ಯಾರಿಂದ, ಯಾವ ನಂಬಿಕೆಯ ಮೇಲೆ, ಯಾವ ಷರತ್ತಿಗೆ ಸಿಗುತ್ತದೆ ಎಂಬುದು. ಟಿಬೆಟನ್ ಕುಟುಂಬಗಳನ್ನು ಸಾಕಿದ್ದು ಕೇವಲ ಮೆಕ್ಕೆಜೋಳವಲ್ಲ. ಮಳೆ ನಂಬಿದ ಒಣಬೇಸಾಯ ಬೆಳೆಯುವ ಕುಟುಂಬಕ್ಕೆ ಸಾಲದಾದಾಗ ಚಳಿಗಾಲದ ಸ್ವೆಟರ್ ವ್ಯಾಪಾರ ಅವರ ಎರಡನೆಯ ಬೆಳೆಯಾಯಿತು. ಲುಧಿಯಾನದ ಸಗಟು ವ್ಯಾಪಾರಿಗಳು ಅವರಿಗೆ ಮಾಲನ್ನು ಉದ್ರಿ ಕೊಡುತ್ತಾರೆ. ಋತು ಮುಗಿದ ಮೇಲೆ ಲೆಕ್ಕ ತೀರುತ್ತದೆ. ಅಡವಿಡಲು ಆಸ್ತಿಯಿಲ್ಲದ, ಪೌರತ್ವವೂ ಇಲ್ಲದವರಿಗೆ ಈ ಉದ್ರಿ ಸಿಗುವುದು ಸಮುದಾಯದ ಮಾತಿನ ಮೇಲೆ. ಒಬ್ಬ ಹಣ ಮುಳುಗಿಸಿದರೆ ಮುಂದಿನ ವರ್ಷ ಎಲ್ಲರ ಅಂಗಡಿ ಮುಚ್ಚುತ್ತದೆ ಎಂಬ ಭಯವೇ ಅಲ್ಲಿ ಜಾಮೀನು.

ಸಿದ್ದಿಗೂ ಸಾಲ ಸಿಗುತ್ತದೆ, ಅದರ ಹೆಸರು ಮುಂಗಡ. ಜೇನು, ಶೀಗೆಕಾಯಿ, ಅಂಟುವಾಳ, ಮುರುಗಲು, ಉಪ್ಪಾಗೆ ಇವೆಲ್ಲ ಕಾಡಿನಿಂದ ಬರುವ ಮೊದಲೇ ಅವುಗಳ ಬೆಲೆ ನಿಗದಿಯಾಗಿರುತ್ತದೆ, ಏಕೆಂದರೆ ಹಣ ಆಗಲೇ ಖರ್ಚಾಗಿದೆ. ತೋಟದ ಕೆಲಸಕ್ಕೂ ಅಷ್ಟೇ. ಉದ್ರಿ ಪಡೆದವನು ಮಾಲನ್ನು ತನ್ನ ಬೆಲೆಗೆ ಮಾರುತ್ತಾನೆ. ಮುಂಗಡ ಪಡೆದವನು ತನ್ನ ಶ್ರಮವನ್ನು ಬೇರೊಬ್ಬನ ಬೆಲೆಗೆ ಮಾರಿರುತ್ತಾನೆ. ಇತ್ತೀಚಿನ ವರ್ಷಗಳಲ್ಲಿ ಸ್ವಸಹಾಯ ಸಂಘಗಳು, ಪಡಿತರ, ಉದ್ಯೋಗ ಖಾತ್ರಿ, ಬುಡಕಟ್ಟುಗಳಿಗೆ ನೀಡುವ ಪೌಷ್ಟಿಕ ಆಹಾರದ ಕಿಟ್ ಈ ಬಿಗಿಯನ್ನು ಸಡಿಲಿಸಿವೆ. ಮಳೆಗಾಲದ ಅಕ್ಕಿಗೆಂದು ಒಡೆಯನ ಜಗುಲಿ ಹತ್ತುವುದು ತಪ್ಪಿದ ಮನೆಗಳು ಈಗ ಸಾಕಷ್ಟಿವೆ. ಇದು ಸಣ್ಣ ಬದಲಾವಣೆಯಲ್ಲ.

ಹಾಗೆಯೇ ಬಿಟ್ಟುಹೋದ ಪ್ರಯೋಗಗಳೂ ಇವೆ. 1987ರಲ್ಲಿ ಕೇಂದ್ರದ ಕ್ರೀಡಾ ಯೋಜನೆಯೊಂದು ಸಿದ್ದಿ ಮಕ್ಕಳನ್ನು ಆಯ್ದು ಓಟದ ತರಬೇತಿ ನೀಡಿತು. ಕೆಲವರು ರಾಷ್ಟ್ರ ಮಟ್ಟದಲ್ಲಿ ಪದಕ ಗೆದ್ದರು, ಕೆಲವರಿಗೆ ಸರ್ಕಾರಿ ನೌಕರಿ ಸಿಕ್ಕಿತು. 1993ರಲ್ಲಿ ಯೋಜನೆ ನಿಂತಿತು. ತರಬೇತಿಯ ನಡುವೆಯೇ ಮನೆಗೆ ಮರಳಿದ ಮಕ್ಕಳು ಮತ್ತೆ ಕೂಲಿಗೆ ಹೋದರು. ದಶಕಗಳ ಬಳಿಕ ಅದಕ್ಕೆ ಮತ್ತೆ ಜೀವ ಬಂದಿದೆಯಾದರೂ, ಓಡುವ ಕಾಲುಗಳಿಗೆ ಇರುವುದು ಹತ್ತೇ ವರ್ಷಗಳ ಆಯುಷ್ಯ.

ಪೌರತ್ವದ ತೂಕ

ಇಷ್ಟು ಓದಿದ ಮೇಲೆ ಟಿಬೆಟನ್ನರೇ ಭಾಗ್ಯವಂತರು ಎಂದು ತೀರ್ಮಾನಿಸುವುದು ಅವಸರವಾದೀತು. ಅವರ ಭೂಮಿ ಗುತ್ತಿಗೆಯದು. 2014ರ ಕೇಂದ್ರದ ಪುನರ್ವಸತಿ ನೀತಿಯೂ 20 ವರ್ಷಗಳ ಗುತ್ತಿಗೆ ಒಪ್ಪಂದದ ಮಾತಾಡಿತೇ ಹೊರತು ಒಡೆತನದ ಮಾತಾಡಲಿಲ್ಲ. ಸರ್ಕಾರಿ ನೌಕರಿಯ ಬಾಗಿಲು ಮುಚ್ಚಿದೆ. ವಿದೇಶ ಪ್ರಯಾಣಕ್ಕೆ ಪಾಸ್‌ಪೋರ್ಟ್ ಬದಲು ಹಳದಿ ಬಣ್ಣದ ಗುರುತಿನ ಪುಸ್ತಕ. 1950ರ ಜನವರಿ 26ರಿಂದ 1987ರ ಜುಲೈ 1ರ ಒಳಗೆ ಭಾರತದಲ್ಲಿ ಹುಟ್ಟಿದವರು ಜನ್ಮತಃ ಪೌರರು ಎಂದು ಕಾನೂನು ಹೇಳುತ್ತದೆ. ಕರ್ನಾಟಕ ಮತ್ತು ದೆಹಲಿಯ ಉಚ್ಚ ನ್ಯಾಯಾಲಯಗಳು ಅದನ್ನು ಟಿಬೆಟನ್ನರಿಗೂ ಅನ್ವಯಿಸಿವೆ. ಆದರೆ 2017ರಲ್ಲಿ ಪಾಸ್‌ಪೋರ್ಟಿಗೆ ಆರ್‌ಸಿ ಒಪ್ಪಿಸಬೇಕು, ವಸಾಹತಿನ ವಾಸ ಮತ್ತು ಸವಲತ್ತು ಬಿಡಬೇಕು ಎಂಬ ಷರತ್ತುಗಳು ಬಂದವು. ಹುಟ್ಟಿ ಬೆಳೆದ ಮನೆ ಬಿಟ್ಟು ಯಾರು ಪೌರರಾದಾರು?

ಪರಿಣಾಮ ಕಣ್ಣೆದುರಿಗಿದೆ. ಓದಿದ ಯುವಕರು ಬೆಂಗಳೂರು, ದೆಹಲಿ ದಾಟಿ ಅಮೆರಿಕ, ಕೆನಡಾ, ಯುರೋಪ್ ಸೇರುತ್ತಿದ್ದಾರೆ. 2009ರ ಸಮುದಾಯದ್ದೇ ಗಣತಿಯಲ್ಲಿ ಭಾರತದಲ್ಲಿ 94,000ಕ್ಕೂ ಹೆಚ್ಚು ಟಿಬೆಟನ್ನರಿದ್ದರು. ಆಮೇಲೆ ಸಂಖ್ಯೆ ಇಳಿಯುತ್ತಲೇ ಇದೆ. 2008ರ ನಂತರ ಗಡಿ ದಾಟಿ ಬರುವವರೂ ವಿರಳ. ಹಲವು ಕ್ಯಾಂಪುಗಳಲ್ಲಿ ಉಳಿದಿರುವುದು ವೃದ್ಧರು, ಹೊರಗಿನಿಂದ ಬರುವ ಡಾಲರು, ಮತ್ತು ಲಡಾಖ್, ನೇಪಾಳದಿಂದ ಬಂದ ಹುಡುಗರಿಂದ ತುಂಬಿರುವ ಮಠಗಳು. ಹೊಲಗಳನ್ನು ಎಷ್ಟೋ ಕಡೆ ಸುತ್ತಲಿನ ಊರಿನ ರೈತರೇ ಉಳುತ್ತಿದ್ದಾರೆ.

ಸ್ಥಳೀಯರ ಆಕ್ಷೇಪವನ್ನೂ ಹಗುರವಾಗಿ ತಳ್ಳಿಹಾಕುವಂತಿಲ್ಲ. ಹೊರಗಿನವರಿಗೆ ಕಾಡು ಕಡಿದು ಭೂಮಿ ಕೊಟ್ಟ ಸರ್ಕಾರ, ಒಳಗಿನವರನ್ನು ಅದೇ ಕಾಡಿನಲ್ಲಿ ಅತಿಕ್ರಮಣದಾರರೆಂದು ಕರೆಯುವುದು ಯಾವ ನ್ಯಾಯ ಎಂದು ಅವರು ಕೇಳುತ್ತಾರೆ. ಪ್ರಶ್ನೆ ಸರಿಯಾದದ್ದೇ, ಕೇಳುವ ವಿಳಾಸ ಮಾತ್ರ ತಪ್ಪುತ್ತದೆ. ಟಿಬೆಟನ್ನರಿಗೆ ಸಿಕ್ಕಿದ್ದು ಸಿದ್ದಿಗಳಿಂದ ಕಿತ್ತುಕೊಂಡದ್ದಲ್ಲ. ಮುಂಡಗೋಡದ ಪೇಟೆಯ ವಹಿವಾಟಿನಲ್ಲಿ ಮಠಗಳ ಪಾಲು ಎಷ್ಟೆಂಬುದು ಅಲ್ಲಿನ ಯಾವ ಕಿರಾಣಿ ಅಂಗಡಿಯವನಿಗೂ ಗೊತ್ತು. ಟಿಬೆಟನ್ ವಸಾಹತು ತೋರಿಸಿಕೊಟ್ಟದ್ದು ಇಷ್ಟು: ಭೂಮಿ, ಶಾಲೆ, ಆಸ್ಪತ್ರೆ, ಸಹಕಾರ ಸಂಘ ನಾಲ್ಕನ್ನೂ ಒಟ್ಟಿಗೆ, ಒಂದೇ ಜಾಗದಲ್ಲಿ ಕೊಟ್ಟರೆ ಬರಿಗೈಯಲ್ಲಿ ಬಂದವರು ಒಂದು ತಲೆಮಾರಿನಲ್ಲಿ ಎದ್ದು ನಿಲ್ಲಬಲ್ಲರು. ಸಿದ್ದಿಗಳಿಗೆ ಇವೇ ನಾಲ್ಕು ಬೇರೆ ಬೇರೆ ದಶಕಗಳಲ್ಲಿ, ಬೇರೆ ಬೇರೆ ಇಲಾಖೆಗಳಿಂದ, ಬಿಡಿಬಿಡಿಯಾಗಿ ಬಂದವು.

ವಿಚಿತ್ರವೆಂದರೆ ಕಾಗದದ ಮೇಲೆ ಇಬ್ಬರೂ ಈಗ ಒಂದೇ ಕಡೆಗೆ ಬಂದು ನಿಂತಿದ್ದಾರೆ. ಅರಣ್ಯ ಹಕ್ಕು ಪತ್ರ ಸಿಕ್ಕ ಸಿದ್ದಿಯ ಜಮೀನು ಮಕ್ಕಳಿಗೆ ದಾಟುತ್ತದೆ, ಮಾರುವಂತಿಲ್ಲ. ಗುತ್ತಿಗೆಯ ಟಿಬೆಟನ್ ಜಮೀನನ್ನೂ ಮಾರುವಂತಿಲ್ಲ. ಬ್ಯಾಂಕಿನ ಮೇಜಿನ ಮುಂದೆ ಎರಡಕ್ಕೂ ಸಿಗುವ ಮರ್ಯಾದೆ ಹೆಚ್ಚುಕಡಿಮೆ ಒಂದೇ. ದೀಪಾವಳಿ ಸುಮಾರಿಗೆ ಮುಂಡಗೋಡದ ಕ್ಯಾಂಪುಗಳಿಂದ ಸ್ವೆಟರ್ ಮಾರಲು ಹೊರಟವರು ದೂರದ ಊರುಗಳ ಬಸ್ಸು ಹತ್ತುತ್ತಾರೆ. ಅದೇ ಹೊತ್ತಿಗೆ ಯಲ್ಲಾಪುರದ ಕಡೆ ಅಡಿಕೆ ಕೊನೆ ಇಳಿಸುವ ಕೆಲಸ ಶುರುವಾಗುತ್ತದೆ. ಸುಲಿಯುವ ಕೆಲಸಕ್ಕೆ ಹೋಗುವ ಸಿದ್ದಿ ಹೆಂಗಸರು ರಾತ್ರಿಯವರೆಗೂ ಅಡಿಕೆ ಸುಲಿದು, ಡಬ್ಬದ ಲೆಕ್ಕದಲ್ಲಿ ಕೂಲಿ ಎಣಿಸಿಕೊಂಡು ಮನೆಗೆ ನಡೆಯುತ್ತಾರೆ.