ಯಾವ ‘ಬೆಂಗಳೂರು ದಕ್ಷಿಣ’? ಎಐ ಏಜೆಂಟ್‌ಗೆ ಬಿಡಿಸಿ ಹೇಳಬೇಕು

ರಾಮನಗರ: ಚನ್ನಪಟ್ಟಣ, ಕನಕಪುರ, ಮಾಗಡಿ ತಾಲೂಕುಗಳನ್ನು ಒಳಗೊಂಡ ರಾಮನಗರ ಜಿಲ್ಲೆಗೆ ‘ಬೆಂಗಳೂರು ದಕ್ಷಿಣ’ ಎಂದು ಮರುನಾಮಕರಣ ಮಾಡಲು ರಾಜ್ಯ ಸಚಿವ ಸಂಪುಟ 2025ರ ಮೇ 22ರಂದು ಒಪ್ಪಿಗೆ ನೀಡಿತು. ಅದರ ರಾಜಕೀಯ ಇಲ್ಲಿ ಬೇಡ. ಆದರೆ ಈ ಹೆಸರಿನಿಂದ ಎಡವಬಹುದಾದ ಹೊಸಬನೊಬ್ಬನಿದ್ದಾನೆ: ನಮ್ಮ ಪರವಾಗಿ ಬ್ರೌಸರ್ ತೆರೆದು, ಪಟ್ಟಿಗಳಲ್ಲಿ ಆಯ್ಕೆ ಮಾಡಿ, ಗುಂಡಿ ಒತ್ತುವ ಎಐ ಏಜೆಂಟ್.

ಏಜೆಂಟ್ ಎಂಬ ಈ ತಂತ್ರಾಂಶ ತಾನಾಗಿಯೇ ಏನನ್ನೂ ಮುಟ್ಟಲಾರದು. ‘ಪುಟ ತೆರೆ’, ‘ಒತ್ತು’, ‘ಅಕ್ಷರ ತುಂಬು’ ಎಂಬಂತಹ ಉಪಕರಣಗಳನ್ನು ಅದರ ಕೈಗೆ ಕೊಡಲಾಗುತ್ತದೆ. ಆಂಥ್ರೋಪಿಕ್ ಸಂಸ್ಥೆ 2024ರ ನವೆಂಬರ್‌ನಲ್ಲಿ ಪ್ರಕಟಿಸಿದ ‘ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೊಕಾಲ್’ ಎಂಬ ಒಡಂಬಡಿಕೆಯಲ್ಲಿ ಪ್ರತಿ ಉಪಕರಣಕ್ಕೂ ಒಂದು ಹೆಸರು, ಕೆಲವು ಸಾಲುಗಳ ವಿವರಣೆ ಮತ್ತು ಅದಕ್ಕೆ ಒದಗಿಸಬೇಕಾದ ಮಾಹಿತಿಯ ಪಟ್ಟಿ ಇರುತ್ತವೆ. ಉಪಕರಣದ ಒಳಗಿನ ಸಂಕೇತಗಳು ಏಜೆಂಟ್‌ಗೆ ಕಾಣುವುದಿಲ್ಲ. ವಿವರಣೆಯಲ್ಲಿ ಬರೆದದ್ದಷ್ಟೇ ಅದರ ತಿಳಿವಳಿಕೆ.

ಈಗ ಹೆಸರಿನ ವಿಷಯಕ್ಕೆ ಬರೋಣ. ಬೆಂಗಳೂರು ನಗರ ಜಿಲ್ಲೆಯಲ್ಲಿ ‘ಬೆಂಗಳೂರು ದಕ್ಷಿಣ’ ಎಂಬ ತಾಲೂಕು ಮೊದಲೇ ಇದೆ. ಅದೇ ಹೆಸರಿನ ಲೋಕಸಭಾ ಕ್ಷೇತ್ರವಿದೆ. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿಯ ಸ್ಥಾನಕ್ಕೆ ಬಂದ ಐದು ನಗರ ಪಾಲಿಕೆಗಳಲ್ಲಿ ಒಂದಕ್ಕೂ ಅದೇ ಹೆಸರು. ಇನ್ನು ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಯ ಮತದಾರರು ಲೋಕಸಭೆಗೆ ಸೇರುವುದು ಬೆಂಗಳೂರು ಗ್ರಾಮಾಂತರ ಕ್ಷೇತ್ರಕ್ಕೆ! ಮನುಷ್ಯರೇ ತಡವರಿಸುವ ಈ ಗೋಜಲನ್ನು ಯಂತ್ರ ತಾನಾಗಿ ಬಿಡಿಸಿಕೊಳ್ಳಲಿ ಎನ್ನುವುದು ಅತಿ ಆಸೆ.

ಪಹಣಿಯ ಉದಾಹರಣೆ ನೋಡಿ. 2000ದ ಆಸುಪಾಸಿನಲ್ಲಿ ‘ಭೂಮಿ’ ಯೋಜನೆ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನು ಗಣಕೀಕರಿಸಿತು. ಇಂದು ಪಹಣಿಯನ್ನು ಅಂತರ್ಜಾಲದಲ್ಲೇ ನೋಡಬಹುದು. ಅದಕ್ಕೆ ಜಿಲ್ಲೆ, ತಾಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರ್, ಸರ್ನಾಕ್, ಹಿಸ್ಸಾ ನಂಬರ್ ಆಯ್ಕೆ ಮಾಡಬೇಕು. ಸರ್ನಾಕ್ ಜಾಗದಲ್ಲಿ ಬಹಳ ಕಡೆ ಬರೀ ನಕ್ಷತ್ರ ಚಿಹ್ನೆ ಇರುತ್ತದೆ. ಒಂದೇ ಹೆಸರಿನ ಗ್ರಾಮ ಎರಡು ಹೋಬಳಿಗಳಲ್ಲಿರುವುದೂ ಅಪರೂಪವಲ್ಲ. ಹಿಸ್ಸಾ ತಪ್ಪಿದರೆ ಕಾಣುವುದು ಪಕ್ಕದವರ ಜಮೀನು. ಸಾಲಕ್ಕೋ ಕ್ರಯಕ್ಕೋ ಆ ಕಾಗದವನ್ನೇ ನಂಬಿ ಹೊರಟವರ ಗತಿ ಊಹಿಸಿ.

ಇಂತಹ ಉಪಕರಣಕ್ಕೆ ಅವಸರದಲ್ಲಿ ‘ಪಹಣಿ ತಂದುಕೊಡುತ್ತದೆ’ ಎಂದಷ್ಟೇ ಬರೆದು ಮುಗಿಸುವವರಿದ್ದಾರೆ. ಮಾಹಿತಿ ಸಾಲದಾದಾಗ ಏಜೆಂಟ್ ಊಹೆಗೆ ಇಳಿಯುವುದು ಇಲ್ಲೇ. ಅದರ ಬದಲು ಹೀಗೆ ಬರೆಯಬಹುದು:

“ಕೊಟ್ಟ ಸರ್ವೆ ನಂಬರ್ ಮತ್ತು ಹಿಸ್ಸಾದ ಪಹಣಿಯನ್ನು ತೆರೆದು ಓದುತ್ತದೆ. ಅರ್ಜಿ ಸಲ್ಲಿಸುವುದಿಲ್ಲ, ಹಣ ಪಾವತಿಸುವುದಿಲ್ಲ. ಒಂದು ಪಟ್ಟಿಯಲ್ಲಿ ಆಯ್ಕೆ ಮಾಡಿದ ಮೇಲೆಯೇ ಮುಂದಿನ ಪಟ್ಟಿ ತುಂಬುತ್ತದೆ, ಅಲ್ಲಿಯವರೆಗೆ ಕಾಯಬೇಕು. ಕನಕಪುರ, ಮಾಗಡಿ, ಚನ್ನಪಟ್ಟಣ, ರಾಮನಗರ, ಹಾರೋಹಳ್ಳಿ ತಾಲೂಕುಗಳ ಜಿಲ್ಲೆ ‘ರಾಮನಗರ’ ಅಥವಾ ‘ಬೆಂಗಳೂರು ದಕ್ಷಿಣ’ ಎಂದು ಕಾಣಿಸಬಹುದು. ಬೆಂಗಳೂರು ನಗರ ಜಿಲ್ಲೆಯ ದಕ್ಷಿಣ ತಾಲೂಕು ಬೇರೆ. ಹಿಸ್ಸಾ ತಿಳಿಯದಿದ್ದರೆ ಊಹಿಸದೆ ಬಳಕೆದಾರರನ್ನು ಕೇಳಬೇಕು.”

ಉದ್ದವಾಯಿತು, ನಿಜ. ಆದರೆ ಇದರಲ್ಲಿ ಯಾವ ವಾಕ್ಯವೂ ಅಲಂಕಾರಕ್ಕಿಲ್ಲ. ಉಪಕರಣ ಏನು ಮಾಡುವುದಿಲ್ಲ ಎಂಬುದನ್ನು ಹೇಳುವುದು ಏನು ಮಾಡುತ್ತದೆ ಎನ್ನುವಷ್ಟೇ ಮುಖ್ಯ. ಬ್ರೌಸರ್ ನಡೆಸಲೆಂದು ಮೈಕ್ರೋಸಾಫ್ಟ್ 2025ರಲ್ಲಿ ಬಿಡುಗಡೆ ಮಾಡಿದ ‘ಪ್ಲೇರೈಟ್’ ಉಪಕರಣಗಳಲ್ಲೂ ಈ ಎಚ್ಚರವಿದೆ. ಪರದೆಯ ಚಿತ್ರ ತೆಗೆಯುವ ಉಪಕರಣದ ವಿವರಣೆಯಲ್ಲಿಯೇ, ಆ ಚಿತ್ರವನ್ನು ನಂಬಿ ಗುಂಡಿ ಒತ್ತಲಾಗದು, ಅದಕ್ಕೆ ಪುಟದ ರಚನೆಯನ್ನು ಓದಿಕೊಡುವ ಇನ್ನೊಂದು ಉಪಕರಣ ಬಳಸಿ ಎಂದು ತಿಳಿಸಲಾಗಿದೆ.

‘ಇದು ಓದಲು ಮಾತ್ರ’, ‘ಇದರಿಂದ ದಾಖಲೆ ಅಳಿಯಬಹುದು’ ಎಂದು ಗುರುತು ಹಾಕುವ ಸೌಲಭ್ಯವೂ ಒಡಂಬಡಿಕೆಯಲ್ಲಿದೆ. ಆದರೆ ಅದು ಸೂಚನೆಯೇ ಹೊರತು ಬೀಗವಲ್ಲ. ಹೀಗಾಗಿ ಪಹಣಿ ನೋಡುವ ಉಪಕರಣವನ್ನೂ ಶುಲ್ಕ ಕಟ್ಟಿ ಪಹಣಿ ಪಡೆಯುವ ಉಪಕರಣವನ್ನೂ ಒಂದರಲ್ಲೇ ಸೇರಿಸದೆ ಬೇರೆ ಬೇರೆಯಾಗಿಯೇ ಇಡುವುದು ಲೇಸು. ಒಟಿಪಿ ಕೇಳುವ ಹಂತ ಬಂದರೆ ಅಲ್ಲೇ ನಿಂತು ಕೆಲಸವನ್ನು ಮನುಷ್ಯರಿಗೆ ಒಪ್ಪಿಸಬೇಕೆಂಬುದನ್ನೂ ವಿವರಣೆಯಲ್ಲಿ ಬರೆಯಬೇಕು.

ಹಳೆಯ ಕ್ರಯಪತ್ರ ಓದಿಸುವವರಿಗೆ ಇನ್ನೊಂದು ಮಾತು. ರಾಮನಗರ ಒಮ್ಮೆ ಬ್ರಿಟಿಷ್ ಅಧಿಕಾರಿ ಬ್ಯಾರಿ ಕ್ಲೋಸ್‌ನ ಹೆಸರಿನ ಕ್ಲೋಸ್‌ಪೇಟೆಯಾಗಿತ್ತು, ಕನಕಪುರ ಕಾನಕಾನಹಳ್ಳಿಯಾಗಿತ್ತು. 2007ಕ್ಕೆ ಮುಂಚಿನ ಅನೇಕ ಪತ್ರಗಳಲ್ಲಿ ಈ ತಾಲೂಕುಗಳು ಬೆಂಗಳೂರು ಗ್ರಾಮಾಂತರ ಜಿಲ್ಲೆಯವೆಂದು ಇರುತ್ತವೆ. ಆ ಹೆಸರುಗಳೂ ಉಪಕರಣದ ವಿವರಣೆಯೊಳಗೆ ಬರಬೇಕು.